ಹಿಟ್ಟಿನ ಹುಂಜವೂ ಪರದೆಯೊಳಗಿನ ಮನೆಯೂ

ನಮ್ಮ ಮೂಲ ಊರು ಅಥಣಿ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಅಲ್ಲಿದ್ದ ನಮ್ಮ ಹಿರಿಯರ ಮಣ್ಣಿನ ಮನೆ ಕುಸಿದುಬಿತ್ತು. ಆ ಹೊತ್ತಿಗೆ ನಾವೆಲ್ಲರೂ ಪುಣೆ, ಮುಂಬಯಿ, ಹೈದರಾಬಾದುಗಳನ್ನು ಸೇರಿ ದಶಕಗಳೇ ಕಳೆದಿದ್ದವು. ಮನೆಯನ್ನು ಮತ್ತೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಉಳಿದ ತೊಲೆಗಳನ್ನು ಮಾರಿ, ಬಂದ ಹಣವನ್ನು ಹಂಚಿಕೊಂಡೆವು.

ಅದನ್ನು ಮತ್ತೆ ಕಟ್ಟಿದವಳು ನನ್ನ ತಂಗಿಯ ಮೊಮ್ಮಗಳು, ಹೈದರಾಬಾದಿನಲ್ಲಿ ಬೆಳೆಯುತ್ತಿರುವ ಹನ್ನೊಂದು ವರ್ಷದ ಹುಡುಗಿ. ಬೇರೆ ಬೇರೆ ಊರುಗಳಲ್ಲಿರುವ ನಮ್ಮ ಮಕ್ಕಳು ಸಂಜೆಯ ಹೊತ್ತು ಒಟ್ಟುಗೂಡುವ ಒಂದು ಆಟವಿದೆ. ಅದರಲ್ಲಿ ಕಲ್ಲು, ಮಣ್ಣು, ಮರಗಳ ಚೌಕಗಳನ್ನು ಜೋಡಿಸಿ ಊರನ್ನೇ ಕಟ್ಟಬಹುದು. ಅಜ್ಜಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕೇಳಿ ಕೇಳಿ, ಆ ಹುಡುಗಿ ನಮ್ಮ ಮನೆಯನ್ನು ಅಲ್ಲಿ ಎಬ್ಬಿಸಿದಳು. ಬಾಗಿಲ ಮುಂದಿನ ಕಟ್ಟೆ, ಪಡಸಾಲೆ, ದನಗಳ ಗೋದಲಿ, ಮಾಳಿಗೆಯ ಬೆಳಕಿಂಡಿ, ಅಂಗಳದ ಹಗೇವು ಎಲ್ಲವೂ ಅಲ್ಲಿದ್ದವು. ಈ ಶಬ್ದಗಳನ್ನು ಅವಳು ಕಲಿತದ್ದೂ ಆ ನಾಲ್ಕು ತಿಂಗಳುಗಳಲ್ಲಿಯೇ. ಕನ್ನಡವನ್ನು ಓದಲು ಬಾರದ ಮಗು ಹಗೇವು ಎಂದರೇನೆಂದು ತನ್ನ ಸೋದರಸಂಬಂಧಿಗಳಿಗೆ ವಿವರಿಸುತ್ತಿದ್ದಳು.

ಒಂದು ಸಂಜೆ ನನ್ನ ಮೊಮ್ಮಗ, ಹದಿಮೂರು ವರ್ಷದವನು, ಆ ಮನೆಗೆ ಬೆಂಕಿ ಹಚ್ಚಿದ. ಗೋದಲಿಯಲ್ಲಿದ್ದ ದನಗಳೊಡನೆ ಎಲ್ಲವೂ ಸುಟ್ಟುಹೋಯಿತು. ಹುಡುಗಿ ಎರಡು ದಿನ ಅತ್ತಳು. ತಂಗಿ ನನಗೆ ಫೋನ್ ಮಾಡಿದಾಗ ಅವಳ ದನಿಯೂ ನಡುಗುತ್ತಿತ್ತು. ನಾನು ನಕ್ಕು ಹೇಳಿದೆ: “ಆಟದ ಮನೆ ತಾನೇ, ಅದಕ್ಕೇಕೆ ಇಷ್ಟು ರಂಪ? ಏನು, ನಿಜವಾಗಿ ಸುಟ್ಟಿತೇ?” ಆಕೆ ಉತ್ತರಿಸದೆ ಫೋನ್ ಇಟ್ಟಳು. ಮೊಮ್ಮಗನನ್ನು ಕೇಳಿದರೆ ಅವನೂ ನನ್ನ ಮಾತನ್ನೇ ಆಡಿದ: “ನಾನು ಏನನ್ನೂ ಸುಟ್ಟಿಲ್ಲ ಅಜ್ಜ, ಅದು ಬರೀ ಆಟ.”

ನನ್ನ ಮಾತನ್ನು ಅವನ ಬಾಯಲ್ಲಿ ಕೇಳಿದಾಗ ನನಗೆ ಸಮಾಧಾನವಾಗಲಿಲ್ಲ. ಆ ಅಸಮಾಧಾನದ ಕಾರಣವನ್ನು ಹುಡುಕುತ್ತ ಹೊರಟದ್ದೇ ಈ ಲೇಖನ.

ಹಿಟ್ಟಿನ ಹುಂಜದ ಪ್ರಶ್ನೆ

ಇಲ್ಲದ ಪ್ರಾಣಿಯನ್ನು ಕೊಂದರೆ ಕೊಂದಂತಾಗುವುದೇ ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದೇನಲ್ಲ. ಕ್ರಿ.ಶ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಜೀವಬಲಿಗೆ ಒಪ್ಪದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಿಂದ ಮಾಡಿದ ಹುಂಜವನ್ನು ದೇವಿಗೆ ಬಲಿಕೊಡುತ್ತಾನೆ. ಅಲ್ಲಿ ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದೇ ಕಥೆಯನ್ನು ನಮ್ಮ ಕಾಲಕ್ಕೆ ಮತ್ತೆ ತಂದರು. ಕೃತ್ಯದ ಬೀಜ ಸಂಕಲ್ಪದಲ್ಲಿದೆ, ಎದುರಿಗಿರುವುದು ಹಿಟ್ಟೋ ಮಾಂಸವೋ ಎಂಬುದರಲ್ಲಷ್ಟೇ ಅಲ್ಲ ಎಂಬುದು ಆ ಕಥೆಯ ನಿರ್ಣಯ.

ಇದನ್ನು ಹಿಡಿದುಕೊಂಡು, ಗುಂಡು ಹಾರಿಸುವ ಆಟವನ್ನಾಡುವ ಪ್ರತಿಯೊಂದು ಮಗುವೂ ಹಿಂಸಕನಾಗುತ್ತದೆ ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಹಿಂಸಾತ್ಮಕ ಆಟಗಳೇ ನಿಜಜೀವನದ ಹಿಂಸಾಚಾರಕ್ಕೆ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2020ರಲ್ಲಿ ಸ್ಪಷ್ಟಪಡಿಸಿದೆ. ಕೂಗಾಟ, ತಳ್ಳಾಟದಂಥ ಒರಟು ನಡವಳಿಕೆಯೊಂದಿಗೆ ಸಣ್ಣ ಸಂಬಂಧವಿದೆ ಎಂಬುದನ್ನು ಮಾತ್ರ ಅದು ಒಪ್ಪಿದೆ. ನನ್ನ ಪ್ರಶ್ನೆ ಬೇರೆ. ಯಂತ್ರವು ನಡೆಸುವ ಗೊಂಬೆಯ ಎದುರು ಒಬ್ಬನೇ ಆಡುವ ಆಟ ಒಂದು. ಪರದೆಯ ಆಚೆಗೆ ಮತ್ತೊಂದು ಜೀವವಿರುವ, ಅನೇಕರು ಒಟ್ಟಾಗಿ ಬಾಳುವ ಲೋಕ ಇನ್ನೊಂದು. ಎರಡನೆಯದರಲ್ಲಿ ಹುಂಜ ಹಿಟ್ಟಿನದಿರಬಹುದು, ಆದರೆ ಅದನ್ನು ಸಾಕಿದವರು ಹಿಟ್ಟಿನವರಲ್ಲ. ನನ್ನ ಮೊಮ್ಮಗ ಸುಟ್ಟದ್ದು ಚಿತ್ರದ ಗೋಡೆಯನ್ನು. ನೋವಾದದ್ದು ಒಂದು ಮಗುವಿಗೆ ಮತ್ತು ಒಬ್ಬ ಅಜ್ಜಿಗೆ. ಆ ನೋವಿನಲ್ಲಿ ಹಿಟ್ಟಿನದು ಯಾವುದೂ ಇರಲಿಲ್ಲ.

ಮೂವತ್ತು ವರ್ಷಗಳ ಹಿಂದಿನ ಸಾಕ್ಷ್ಯ

ಈ ಲೋಕಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. 1990ರಲ್ಲಿ ಪಾವೆಲ್ ಕರ್ಟಿಸ್ ಎಂಬ ವಿಜ್ಞಾನಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ‘ಲ್ಯಾಂಬ್ಡಾಮೂ’ ಎಂಬ ಲೋಕವನ್ನು ಆರಂಭಿಸಿದ. ಅದರಲ್ಲಿ ಚಿತ್ರವಿಲ್ಲ, ಧ್ವನಿಯಿಲ್ಲ. ಇದ್ದದ್ದು ಬರೆದ ಮಾತು ಮಾತ್ರ. ಜಗತ್ತಿನ ಎಲ್ಲೆಲ್ಲಿಂದಲೋ ಬಂದ ಜನ ಆ ಮಾತಿನ ಮಹಲಿನಲ್ಲಿ ಕೋಣೆಗಳನ್ನು ಕಟ್ಟಿಕೊಂಡು ನೆರೆಹೊರೆಯವರಾದರು. 1993ರಲ್ಲಿ ಅಲ್ಲಿನ ಒಬ್ಬ ಸದಸ್ಯ ಚಿಕ್ಕದೊಂದು ಪ್ರೋಗ್ರಾಮ್ ಬಳಸಿ, ಇತರರ ಪಾತ್ರಗಳು ಅವರ ಇಚ್ಛೆಗೆ ವಿರುದ್ಧವಾಗಿ ಹೇಯವಾದ ಲೈಂಗಿಕ ಕೃತ್ಯಗಳಲ್ಲಿ ತೊಡಗಿರುವಂತೆ ಎಲ್ಲರ ಮುಂದೆ ಬರೆಸಿದ. ಆದದ್ದು ಪರದೆಯ ಮೇಲಿನ ಅಕ್ಷರಗಳಿಂದ ಮಾತ್ರ. ಆದರೂ ಅವಮಾನಿತಳಾದ ಒಬ್ಬ ಮಹಿಳೆ ಅದನ್ನು ಕುರಿತು ಬರೆಯುವಾಗ ನಿಜವಾಗಿಯೇ ಕಣ್ಣೀರಿಟ್ಟಳೆಂದು, ಆ ಪ್ರಕರಣವನ್ನು ವರದಿ ಮಾಡಿದ ಪತ್ರಕರ್ತ ಜೂಲಿಯನ್ ಡಿಬ್ಬೆಲ್ ದಾಖಲಿಸಿದ್ದಾನೆ.

ಅನಂತರ ನಡೆದದ್ದು ನಮಗೆ ಹೆಚ್ಚು ಮುಖ್ಯ. ಅಲ್ಲಿನ ನಿವಾಸಿಗಳು ಸಭೆ ಸೇರಿದರು. ತಪ್ಪಿತಸ್ಥನನ್ನು ಹೊರಹಾಕುವ ಅಧಿಕಾರ ಯಾರಿಗಿದೆ ಎಂದು ವಾದಿಸಿದರು. ಸಭೆ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ಮೇಲ್ವಿಚಾರಕನೊಬ್ಬ ತಾನಾಗಿಯೇ ಅವನ ಪಾತ್ರವನ್ನು ಅಳಿಸಿಹಾಕಿದ. ಒಬ್ಬನೇ ತೀರ್ಪುಗಾರನಾದದ್ದು ಸರಿಯಲ್ಲವೆಂದು ಕಂಡಿದ್ದರಿಂದ, ಕರ್ಟಿಸ್ ಮನವಿ ಮತ್ತು ಮತದಾನದ ವ್ಯವಸ್ಥೆಯನ್ನು ಅಲ್ಲಿ ಜಾರಿಗೆ ತಂದ. ಆ ಪ್ರಯೋಗ ಪೂರ್ಣ ಯಶಸ್ವಿಯಾಗಲಿಲ್ಲ. 1996ರಲ್ಲಿ ಮೇಲ್ವಿಚಾರಕರು ಅಧಿಕಾರದ ಬಹುಭಾಗವನ್ನು ಮತ್ತೆ ಕೈಗೆ ತೆಗೆದುಕೊಂಡರು. ಆದರೂ ಒಂದು ಸತ್ಯ ಅಲ್ಲಿ ಸ್ಥಾಪಿತವಾಯಿತು: ಜನರು ಒಟ್ಟಿಗೆ ಇರುವಲ್ಲಿ ಸಮಾಜವಿರುತ್ತದೆ, ಸಮಾಜವಿರುವಲ್ಲಿ ನ್ಯಾಯದ ಪ್ರಶ್ನೆ ಏಳುತ್ತದೆ.

ಈ ಲೋಕಗಳಲ್ಲಿ ಕೇಡು ಮಾತ್ರ ನಿಜವೆಂದು ತಿಳಿಯಬಾರದು. ಒಳ್ಳೆಯದೂ ಅಷ್ಟೇ ನಿಜ. ನಾರ್ವೆ ದೇಶದ ಮಾಟ್ಸ್ ಸ್ಟೀನ್ ಸ್ನಾಯುಕ್ಷಯದ ರೋಗದಿಂದ ಗಾಲಿಕುರ್ಚಿಗೆ ಸೀಮಿತನಾಗಿ, 2014ರಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗನು ಒಂಟಿಯಾಗಿ ಆಟದಲ್ಲೇ ಬದುಕನ್ನು ಕಳೆದನೆಂದು ತಂದೆತಾಯಿ ಕೊರಗುತ್ತಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿಯನ್ನು ಪ್ರಕಟಿಸಿದಾಗ, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಲೋಕದಲ್ಲಿ ಅವನ ಗೆಳೆಯರಾಗಿದ್ದವರಿಂದ ಸಾಂತ್ವನದ ಪತ್ರಗಳು ಬರತೊಡಗಿದವು. ಅವನು ತಮ್ಮ ಕಷ್ಟದಲ್ಲಿ ಕಿವಿಗೊಟ್ಟವನು, ಮುರಿದ ಸಂಬಂಧಗಳನ್ನು ಬೆಸೆದವನು ಎಂದು ಅವರು ಬರೆದರು. ಕೆಲವರು ಪರದೇಶಗಳಿಂದ ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ಈ ಬದುಕಿನ ಕುರಿತ ಸಾಕ್ಷ್ಯಚಿತ್ರ ಜಗತ್ತಿನ ಗಮನ ಸೆಳೆಯಿತು. ಮಗನ ಕೋಣೆಯ ಬಾಗಿಲ ಹೊರಗೆ ನಿಂತು ಮರುಗಿದ ಆ ತಂದೆತಾಯಿಯರಲ್ಲಿ ನಮ್ಮಲ್ಲಿ ಅನೇಕರು ತಮ್ಮ ಮುಖವನ್ನು ಕಾಣಬಹುದು.

ಹಾಗೆಯೇ, ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆ 2020ರಲ್ಲಿ ‘ಮೈನ್‌ಕ್ರಾಫ್ಟ್’ ಲೋಕದಲ್ಲಿ ಒಂದು ಬೃಹತ್ ಗ್ರಂಥಾಲಯವನ್ನು ಕಟ್ಟಿಸಿತು. ತಮ್ಮ ದೇಶಗಳಲ್ಲಿ ನಿಷೇಧಕ್ಕೊಳಗಾದ ಪತ್ರಕರ್ತರ ಬರಹಗಳನ್ನು ಅಲ್ಲಿ ಓದಬಹುದು. ವೃತ್ತಪತ್ರಿಕೆ ತಲುಪದ ಕಡೆಗೆ ಆಟ ತಲುಪಿತು.

ಪ್ರಜೆಗಳುಂಟು, ಸಂವಿಧಾನವಿಲ್ಲ

ಹಾಗಾದರೆ ತೊಡಕು ಎಲ್ಲಿದೆ? ನಾವು ಕೇಳಬೇಕಾದ ಪ್ರಶ್ನೆ “ಈ ಲೋಕ ನಿಜವೇ ಸುಳ್ಳೇ” ಎಂಬುದಲ್ಲ. “ಈ ಲೋಕ ಯಾರದು” ಎಂಬುದು.

2021ರ ಅಕ್ಟೋಬರ್ 28ರಂದು ಫೇಸ್‌ಬುಕ್ ಸಂಸ್ಥೆ ತನ್ನ ಹೆಸರನ್ನು ‘ಮೆಟಾ’ ಎಂದು ಬದಲಿಸಿಕೊಂಡು, ಮುಂದೆ ಮನುಕುಲವೆಲ್ಲ ಮೆಟಾವರ್ಸಿನಲ್ಲಿ ಕೂಡಿಬಾಳಲಿದೆ ಎಂದು ಸಾರಿತು. ಕನ್ನಡಕ ತೊಟ್ಟು ಪ್ರವೇಶಿಸುವ ಆ ಲೋಕವನ್ನು ನೆಚ್ಚಿದ ಅದರ ವಿಭಾಗ 2022ರ ಒಂದೇ ವರ್ಷದಲ್ಲಿ ಸುಮಾರು 1,370 ಕೋಟಿ ಡಾಲರ್ ನಷ್ಟ ಅನುಭವಿಸಿತು. ಇದನ್ನು ಕಂಡು, ಈ ಹುಚ್ಚು ಇಳಿಯಿತೆಂದು ಹಿರಿಯರು ನಿಟ್ಟುಸಿರುಬಿಟ್ಟರು. ಆದರೆ ಮಕ್ಕಳು ಕನ್ನಡಕಕ್ಕಾಗಿ ಕಾಯಲಿಲ್ಲ. ಕೈಯಲ್ಲಿದ್ದ ಫೋನಿನಿಂದಲೇ ಅವರು ಆಗಲೇ ಅಂಥ ಲೋಕಗಳ ಒಳಗಿದ್ದರು. ‘ರೋಬ್ಲಾಕ್ಸ್’ ಎಂಬ ಒಂದೇ ವೇದಿಕೆಯನ್ನು 2025ರಲ್ಲಿ ದಿನವೊಂದಕ್ಕೆ ಹತ್ತು ಕೋಟಿಗೂ ಹೆಚ್ಚು ಜನ ಬಳಸುತ್ತಿದ್ದರು, ಅವರಲ್ಲಿ ದೊಡ್ಡ ಪಾಲು ಮಕ್ಕಳು. ಅನೇಕ ದೇಶಗಳಿಗಿಂತ ದೊಡ್ಡದಾದ ಈ ಜನಸಮುದಾಯಕ್ಕೆ ಮತವಿಲ್ಲ, ನ್ಯಾಯಾಲಯವಿಲ್ಲ, ಅಲ್ಲಿ ನೆಲದ ಒಡೆತನವೂ ಇಲ್ಲ. ಅಲ್ಲಿರುವುದು “ಒಪ್ಪಿಗೆಯಿದೆ” ಎಂಬ ಒಂದು ಗುಂಡಿ ಮಾತ್ರ. ಹಳೆಯ ಜಹಗೀರಿನಲ್ಲಿ ರೈತನು ಉತ್ತು ಬೆಳೆದರೂ ನೆಲ ಜಹಗೀರುದಾರನದೇ ಆಗಿತ್ತು. ಈ ಹೊಸ ಜಹಗೀರಿನ ಕ್ರಮವೂ ಅದೇ.

ಒಡೆಯನ ಲಾಭ ಪ್ರಜೆಯ ಹಿತಕ್ಕಿಂತ ಮುಂದೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯವಿದೆ. ‘ಫೋರ್ಟ್‌ನೈಟ್’ ಆಟದ ಒಡೆತನದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗಿನ ಒಪ್ಪಂದದಂತೆ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನನ್ನು ಮೀರಿದ ಆರೋಪಕ್ಕೆ ದಂಡ, 24.5 ಕೋಟಿ, ಗುಂಡಿಗಳನ್ನು ದಾರಿತಪ್ಪಿಸುವಂತೆ ಜೋಡಿಸಿ ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ ಗ್ರಾಹಕರಿಗೆ ಮರಳಿಸುವ ಹಣ. ಮಕ್ಕಳಿಗೂ ಹದಿಹರೆಯದವರಿಗೂ ಅಪರಿಚಿತರೊಡನೆ ಮಾತಿನ ಸಂಪರ್ಕ ಮೊದಲಿನಿಂದಲೇ ಮುಚ್ಚಿರಬೇಕೆಂಬ ಷರತ್ತನ್ನೂ ಅದು ಒಪ್ಪಬೇಕಾಯಿತು. ಇತ್ತ, ಮೆಟಾದ ಲೋಕದಲ್ಲಿ 2021ರಲ್ಲಿ ಪ್ರಯೋಗಕ್ಕೆಂದು ಪ್ರವೇಶಿಸಿದ ಮಹಿಳೆಯೊಬ್ಬರು ತಮ್ಮ ರೂಪವನ್ನು ಅಪರಿಚಿತನೊಬ್ಬ ಅಸಭ್ಯವಾಗಿ ಮುಟ್ಟಿದನೆಂದು ದೂರಿದರು. ಪಾತ್ರಗಳ ನಡುವೆ ಅಂತರವಿರಿಸುವ ಏರ್ಪಾಡು ಬಂದದ್ದು 2022ರ ಫೆಬ್ರವರಿಯಲ್ಲಿ. 1993ರ ಪಾಠವನ್ನು ಸುಮಾರು ಮೂವತ್ತು ವರ್ಷಗಳ ಬಳಿಕ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ನಮ್ಮ ಮಕ್ಕಳಿಗೂ ಈ ಜಹಗೀರಿನ ರುಚಿ ತಾಗಿತು. ಸುಟ್ಟ ಮನೆಯನ್ನು ಅವರೆಲ್ಲ ಸೇರಿ ಮತ್ತೆ ಕಟ್ಟಿದರು. ಬೆಂಕಿ ಹಚ್ಚಿದವನು ಗೋದಲಿಯ ಕೆಲಸವನ್ನು ವಹಿಸಿಕೊಂಡ. ಆ ಲೋಕವನ್ನು ತಿಂಗಳ ಬಾಡಿಗೆಯ ಮೇಲೆ ಒಂದು ಕಂಪನಿಯ ಯಂತ್ರದಲ್ಲಿ ಇರಿಸಲಾಗಿತ್ತು. ಮುಂಬಯಿಯ ನನ್ನ ಅಳಿಯನ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಬಾಡಿಗೆ ಸಂದಾಯವಾಗಲಿಲ್ಲ. ಎಚ್ಚರಿಕೆಯ ಇಮೇಲ್‌ಗಳನ್ನು ಯಾರೂ ನೋಡಲಿಲ್ಲ. ಒಂದು ದಿನ ಊರಿಗೆ ಊರೇ ಇರಲಿಲ್ಲ. ಕೃಷ್ಣೆಯ ಪ್ರವಾಹ ತೊಲೆಗಳನ್ನಾದರೂ ಉಳಿಸಿತ್ತು. ಇಲ್ಲಿ ಏನೂ ಉಳಿಯಲಿಲ್ಲ.

ಸರ್ಕಾರಗಳು ಕಂಡದ್ದು, ಕಾಣದ್ದು

ಈ ವಿಷಯದಲ್ಲಿ ನಮ್ಮ ಸರ್ಕಾರಗಳಿಗೆ ಗೊತ್ತಿರುವುದು ಮುಖ್ಯವಾಗಿ ಒಂದೇ ಆಯುಧ: ನಿಷೇಧ. 2020ರ ಸೆಪ್ಟೆಂಬರಿನಲ್ಲಿ ‘ಪಬ್‌ಜಿ’ ಸೇರಿದಂತೆ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ತಡೆಹಿಡಿಯಿತು. ಕೊಟ್ಟ ಕಾರಣ ದೇಶದ ಸಾರ್ವಭೌಮತ್ವ ಮತ್ತು ಭದ್ರತೆ. ಅದೇ ಆಟ 2021ರಲ್ಲಿ ಬೇರೆ ಹೆಸರಿನಿಂದ ಬಂದಿತು, 2022ರಲ್ಲಿ ಮತ್ತೆ ತಡೆಗೊಳಗಾಯಿತು, 2023ರಲ್ಲಿ ಮರಳಿತು. ಈ ಹೋಗಿಬರುವಿಕೆಯಲ್ಲಿ ಆ ಲೋಕದೊಳಗಿನ ಮಗುವಿನ ಹಿತ ನಿರ್ಣಾಯಕ ಪ್ರಶ್ನೆಯಾಗಲೇ ಇಲ್ಲ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ಕಾನೂನಿನ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಅನೇಕ ಮನೆಗಳನ್ನು ಮುಳುಗಿಸಿದ ಜೂಜಿಗೆ ಕಡಿವಾಣ ಬಿದ್ದದ್ದು ಸ್ವಾಗತಾರ್ಹವೇ. ಆದರೆ ಕಾನೂನಿನ ಕಣ್ಣು ಇರುವುದು ಪಣದ ಹಣದ ಮೇಲೆ, ಒಟ್ಟಾಗಿ ಬಾಳುವ ಲೋಕದ ಒಳಗಿನ ನಡವಳಿಕೆಯ ಮೇಲಲ್ಲ.

ಮಕ್ಕಳ ಬಗ್ಗೆ ನೇರವಾಗಿ ಮಾತನಾಡುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳ ವರ್ತನೆಯನ್ನು ಹಿಂಬಾಲಿಸಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ನೀಡಬಾರದು ಎಂದು ಅದು ಹೇಳುತ್ತದೆ. ಉದ್ದೇಶ ಒಳ್ಳೆಯದು. ಆದರೆ ಪೋಷಕನು ಓದದೆ ಒತ್ತುವ ಗುಂಡಿಯ ಮೇಲೆ ನಿಂತ ರಕ್ಷಣೆ ಎಷ್ಟು ದೃಢವಾದೀತು?

ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆನ್‌ಲೈನ್ ಆಟವೆಂದು ವಿಧಿಸಿತು. ನಮ್ಮಲ್ಲಿಯೂ ಇಂಥದು ಬರಲಿ ಎನ್ನುವವರಿದ್ದಾರೆ. ದಕ್ಷಿಣ ಕೊರಿಯಾ ಹದಿನಾರರೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆಟವನ್ನು ಮುಚ್ಚುವ ಕಾನೂನನ್ನು 2011ರಲ್ಲಿ ತಂದು, ಹತ್ತು ವರ್ಷಗಳ ಅನುಭವದ ಬಳಿಕ ಕೈಬಿಟ್ಟು, ಸಮಯದ ನಿರ್ಣಯವನ್ನು ಕುಟುಂಬಗಳಿಗೆ ಬಿಟ್ಟುಕೊಟ್ಟಿತು. ಗಡಿಯಾರದಿಂದ ಮಗುವಿನ ನಿದ್ರೆಯನ್ನು ಉಳಿಸಬಹುದು, ವಿವೇಕವನ್ನು ಬೆಳೆಸಲಾಗದು. ತನ್ನ ಪ್ರಜೆಯ ಮನೆಯ ಗಡಿಯಾರವನ್ನೂ ನಿಯಂತ್ರಿಸುವ ಸರ್ಕಾರವು ಜಹಗೀರುದಾರನಿಗೆ ಪರ್ಯಾಯವಲ್ಲ, ಅವನ ದಾಯಾದಿ.

ನಾವು ಕೇಳಬೇಕಾದ ಹಕ್ಕುಗಳು ಮೂರು. ಮೊದಲನೆಯದಾಗಿ, ಮಕ್ಕಳ ಖಾತೆಗಳಲ್ಲಿ ಅಪರಿಚಿತರ ಮಾತು ಮತ್ತು ಸಂದೇಶಗಳ ದಾರಿ ಮೊದಲಿನಿಂದಲೇ ಮುಚ್ಚಿರಬೇಕು. ಪೋಷಕರು ತೆರೆದರೆ ಮಾತ್ರ ತೆರೆಯಬೇಕು. ಅಮೆರಿಕದ ಮಗುವಿಗೆ ಒಂದು ಕಂಪನಿಯಿಂದ ದೊರೆತದ್ದು ಭಾರತದ ಮಗುವಿಗೆ ಎಲ್ಲ ಕಂಪನಿಗಳಿಂದ ದೊರೆಯಲಿ. ಎರಡನೆಯದಾಗಿ, ನೊಂದವರ ದೂರನ್ನು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ನಿಗದಿತ ದಿನಗಳೊಳಗೆ ಮನುಷ್ಯನೊಬ್ಬ ವಿಚಾರಿಸಬೇಕು. ಮೂರನೆಯದಾಗಿ, ಕಟ್ಟಿದ್ದನ್ನು ಕಟ್ಟಿದವರು ಪ್ರತಿಮಾಡಿ ಒಯ್ಯುವ ಹಕ್ಕಿರಬೇಕು. ಸಾಕಷ್ಟು ಮುನ್ಸೂಚನೆಯಿಲ್ಲದೆ ಅಳಿಸಬಾರದು. ಚುನಾವಣೆಯ ಕಾಲದಲ್ಲಿ ಸಮಾಜದ ಬೇಡಿಕೆಗಳ ಪಟ್ಟಿ ಹಿಡಿದು ಅಭ್ಯರ್ಥಿಗಳ ಬಳಿಗೆ ಹೋಗುವ ನಮ್ಮ ಸಂಘಟನೆಗಳು ಈ ಮೂರು ಸಾಲುಗಳನ್ನೂ ಆ ಪಟ್ಟಿಗೆ ಸೇರಿಸಬಾರದೇಕೆ?

ಮನೆಯೊಳಗಿನ ಸುಧಾರಣೆ

ಸರ್ಕಾರವನ್ನು ಕೇಳುವ ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದೂ ಇದೆ. ಪರ್ವದ ಹತ್ತು ದಿನ ಮಕ್ಕಳಿಂದ ಮೊಬೈಲ್ ತ್ಯಾಗ ಮಾಡಿಸಿ, ಹನ್ನೊಂದನೆಯ ದಿನ ಅದನ್ನು ಮರಳಿ ಕೈಗಿತ್ತು, ವರ್ಷವಿಡೀ ಆ ಕಡೆ ತಿರುಗಿ ನೋಡದ ಕ್ರಮ ನನ್ನ ಮನೆಯಲ್ಲೂ ಇತ್ತು. ತ್ಯಾಗ ತಪ್ಪಲ್ಲ. ಆದರೆ ಸಂಯಮವೆಂದರೆ ಬಿಟ್ಟಿರುವುದಷ್ಟೇ ಅಲ್ಲ, ಒಳಗಿದ್ದೂ ಎಚ್ಚರದಿಂದ ನಡೆಯುವುದು. ದಾರಿಯಲ್ಲಿ ಇರುವೆಯನ್ನು ಕಂಡು ಪಾದವನ್ನು ಸರಿಸಲು ಕಲಿಸಿದ ನಾವು, ಪರದೆಯ ಆಚೆಗಿರುವ ಮನಸ್ಸನ್ನು ತುಳಿಯಬಾರದೆಂದು ಎಂದಾದರೂ ಕಲಿಸಿದೆವೇ? ಪಾಠಶಾಲೆಗಳಲ್ಲಿ ಯಶೋಧರನ ಕಥೆಯನ್ನು ಹೇಳುವಾಗ ಹಿಟ್ಟಿನ ಹುಂಜದ ಜಾಗದಲ್ಲಿ ಆಟದ ಪಾತ್ರವನ್ನಿಟ್ಟು ಮಕ್ಕಳಿಂದಲೇ ಚರ್ಚೆ ಮಾಡಿಸಿದರೆ, ಆ ಹಳೆಯ ಕಾವ್ಯ ಅವರಿಗೆ ಪಕ್ಕದ ಮನೆಯ ಸುದ್ದಿಯಷ್ಟು ಹತ್ತಿರವಾದೀತು.

ಇನ್ನೂ ಸರಳವಾದದ್ದು, ಅವರ ಪಕ್ಕದಲ್ಲಿ ಕುಳಿತುಕೊಳ್ಳುವುದು. ಎಷ್ಟು ಹೊತ್ತು ಆಡಿದೆ ಎಂಬ ಪ್ರಶ್ನೆಯನ್ನು ಎಲ್ಲ ಮನೆಗಳಲ್ಲೂ ಕೇಳುತ್ತೇವೆ. ಯಾರೊಡನೆ ಇದ್ದೆ, ಏನು ಕಟ್ಟಿದೆ, ಯಾರಾದರೂ ನೋಯಿಸಿದರೇ, ನೀನು ಯಾರನ್ನಾದರೂ ನೋಯಿಸಿದೆಯಾ ಎಂದು ಕೇಳುವವರು ವಿರಳ. ಮಗು ಬೀದಿಯಲ್ಲಿ ಆಡಿ ಬಂದಾಗ ನಮ್ಮ ಹಿರಿಯರು ಈ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಬೀದಿ ಬದಲಾಗಿದೆ, ಪ್ರಶ್ನೆಗಳು ಬದಲಾಗಬೇಕಿಲ್ಲ.

ಕಳೆದ ಕ್ಷಮಾವಣಿಯಂದು ತಂಗಿಗೆ ಫೋನ್ ಮಾಡಿ, ಅಂದು ನಕ್ಕದ್ದಕ್ಕೆ ಕ್ಷಮೆ ಕೇಳಿದೆ. “ನನ್ನನ್ನೇಕೆ ಕೇಳುವೆ? ಅವಳನ್ನು ಕೇಳು” ಎಂದು ಫೋನನ್ನು ಮೊಮ್ಮಗಳ ಕೈಗಿತ್ತಳು. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಳಿಗೆಯಲ್ಲಿ ಬೆಳಕಿಂಡಿಗಳು ಎರಡಿದ್ದವೋ ಮೂರೋ ಎಂದು ನನ್ನನ್ನು ಕೇಳಿದಳು. ಅಜ್ಜಿಗೆ ನೆನಪಿರಲಿಲ್ಲವಂತೆ. ಮೂರು ಎಂದೆ. ಈ ಬಾರಿ ಅವರು ಆ ಲೋಕವನ್ನು ಬಾಡಿಗೆಯ ಯಂತ್ರದಲ್ಲಿ ಇರಿಸಿಲ್ಲ. ಪುಣೆಯ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿದೆ, ವಾರಕ್ಕೊಮ್ಮೆ ಪ್ರತಿ ತೆಗೆದಿಡುತ್ತಾರೆ. ಯಾರು ಏನನ್ನು ಮುರಿಯಬಾರದು, ಮುರಿದರೆ ಯಾರು ಸೇರಿ ತೀರ್ಮಾನಿಸಬೇಕು ಎಂಬ ಒಂಬತ್ತು ನಿಯಮಗಳನ್ನೂ ಬರೆದುಕೊಂಡಿದ್ದಾರೆ. ಅವುಗಳಲ್ಲಿ ಎರಡರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಜಗಳವಾಡಿಯಾದರೂ ತಮ್ಮ ಲೋಕದ ನಿಯಮವನ್ನು ತಾವೇ ಬರೆಯುವುದು ಪ್ರಜಾಪ್ರಭುತ್ವದ ಮೊದಲ ಪಾಠ. ಆ ಪಾಠವನ್ನು ಕೋಟ್ಯಂತರ ಮಕ್ಕಳಿಗೆ ನಿರಾಕರಿಸುವ ಜಹಗೀರುಗಳನ್ನು ಪ್ರಶ್ನಿಸುವುದು ಮತಚಲಾಯಿಸುವ ಹಿರಿಯರಾದ ನಮ್ಮ ಕರ್ತವ್ಯ. “ಅದು ಬರೀ ಆಟ” ಎಂದು ನಗುತ್ತ ಕುಳಿತರೆ, ಹುಂಜ ಹಿಟ್ಟಿನದೆಂದು ಹೇಳಿ ಕತ್ತಿಯನ್ನು ಕೈಗಿತ್ತವರ ಸಾಲಿನಲ್ಲಿ ನಾವೂ ನಿಲ್ಲುತ್ತೇವೆ.